ಬಾಯಿಮಾತಿನ ಪಾಳಿ

ಕಳೆದ ವಾರ ಶಿಗ್ಗಾಂವಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ತರುಣ ಬಂದು ಕುಳಿತ. ಮೈಯೆಲ್ಲ ತೊಯ್ದಿತ್ತು. ಮಳೆಕೋಟನ್ನು ಮಾತ್ರ ತಾನು ತೊಡದೆ, ಎದೆಗೆ ಅವಚಿಕೊಂಡ ಕರಿಯ ಚೀಲಕ್ಕೆ ಸುತ್ತಿದ್ದ. ನೆನೆದ ಪ್ಲಾಸ್ಟಿಕ್ಕಿನ ಹುಳಿ ವಾಸನೆ ಮೂಗಿಗೆ ಹತ್ತಿತು. ನಾನು ಎದ್ದು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಇಳಿಯಬೇಕಾದ ಊರು ಅದಾಗಿರಲಿಲ್ಲ. ಮಳೆಯಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ನಿಂತಾಗ, ಕೆಲವು ವರ್ಷಗಳ ಹಿಂದಿನ ಆ ಮಳೆಗಾಲ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನನ್ನ ಮುಂದೆ ನಡೆಯಿತು.

ಆ ಮಳೆಗಾಲದ ಸಂಗತಿಯನ್ನು ನಮ್ಮ ಭಾಗದವರು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ: ಸವಣೂರಿನ ಕಂಪ್ಯೂಟರ್ ಹುಡುಗ ಕೆಲಸ ಮುಗಿಸಿ ಮನೆಗೆ ಹೋಗುವಾಗ ಗಾಡಿ ಜೋರು ಹೊಡೆದು ಸತ್ತ. ಪತ್ರಿಕೆಯಲ್ಲಿ ಬಂದದ್ದೂ ಇಷ್ಟೇ, ತುಸು ಗಂಭೀರ ಭಾಷೆಯಲ್ಲಿ. ಅವನು ಸವಣೂರಿನವನೆಂಬುದು ನಿಜ, ಸತ್ತದ್ದು ನಿಜ. ಉಳಿದದ್ದು ಸುಳ್ಳು. ಅದು ಸುಳ್ಳೆಂದು ಎದ್ದು ನಿಂತು ಹೇಳಬಹುದಾಗಿದ್ದ ವ್ಯಕ್ತಿ ನನ್ನ ಮಗಳೊಬ್ಬಳೇ ಆಗಿದ್ದಳು.

ನಾನು ಅಕ್ಕಿಆಲೂರಿನವನು. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಅಕ್ಕಿಯ ಗಿರಣಿ ಸೇರಿದೆ. ಓದಿದ್ದೆಲ್ಲ ಆಮೇಲೆ, ರದ್ದಿ ಅಂಗಡಿಯಿಂದ ತೂಕದ ಮೇಲೆ ತಂದ ಪುಸ್ತಕಗಳಲ್ಲಿ. ಗುರುವಿಲ್ಲದೆ ಓದಿದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ಅದನ್ನು ತಿರುಗಿಸಿ ಹಿಂಬದಿಯನ್ನೊಮ್ಮೆ ನೋಡದೆ ಬಿಡಲಾಗುವುದಿಲ್ಲ. ತಿಳವಳ್ಳಿಯ ಹಳೆಯ ಗುಡಿಯನ್ನು ಒಂದೇ ರಾತ್ರಿಯಲ್ಲಿ ಕಟ್ಟಿದರೆಂದು ಯಾರೋ ನನ್ನೆದುರು ಹೇಳಿದಾಗ, ಹೋಗಿ ಕಂಬಗಳನ್ನು ಸವರಿ ನೋಡಿ, ಉಳಿ ಹಿಡಿದ ಕೈಗಳು ಬೇರೆಬೇರೆ, ಕೆಲವು ಕಂಬಗಳಂತೂ ಅಪ್ಪ ಬಿಟ್ಟದ್ದನ್ನು ಮಗ ಮುಗಿಸಿದಂತಿವೆ ಎಂದು ವಾದಿಸಿ ಬಂದಿದ್ದೆ. ನನ್ನ ಹೆಂಡತಿ ಗಂಗವ್ವ ಇದನ್ನು ಇಂದಿಗೂ ಆಡಿಕೊಳ್ಳುತ್ತಾಳೆ: "ದೇವರ ಗುಡಿನೂ ಬಿಡ್ಲಿಲ್ಲ, ಇನ್ನ ನನ್ನ ಮಾತ ನಂಬತಾರೇನು?"

ಗಿರಣಿಯಲ್ಲಿ ನಮ್ಮ ದುಡಿಮೆಗೆ ಒಂದು ಅಂಚು ಇತ್ತು. ಸಂಜೆ ಎಂಜಿನ್ನಿನ ಪಟ್ಟಾ ಇಳಿಸಿದೆವೆಂದರೆ ಗಿರಣಿ ಗಿರಣಿಯಲ್ಲೇ ಉಳಿಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಲೆಯ ಮೇಲಿನ ತೌಡಿನ ಧೂಳು ಮಾತ್ರ. ಅದನ್ನೂ ಗಂಗವ್ವ ಅಂಗಳದಲ್ಲೇ ನೀರು ಸುರಿದು ಕಳೆಯುತ್ತಿದ್ದಳು. ಆದ್ದರಿಂದ ಮಗಳು ನೇತ್ರಾ ಶಿಗ್ಗಾಂವದ ಆಫೀಸಿಗೆ ಸೇರಿ ಮೊದಲ ದಿನವೇ ಕರಿಯ ಚೀಲ ಹೊತ್ತು ಮನೆಗೆ ಬಂದಾಗ ನಾನು ಕೇಳದೆ ಇರಲಾಗಲಿಲ್ಲ.

"ಯಾರದವ್ವಾ ಇದು?"

"ಲ್ಯಾಪ್‌ಟಾಪು. ಕಂಪನಿದು."

"ಕಂಪನಿದು ನಮ್ಮ ಮನಿಗ್ಯಾಕ ಬಂತು?"

"ಎಲ್ಲಾರೂ ತರ್ತಾರಪ್ಪಾ."

"ಎಲ್ಲಾರೂ ಅಂದ್ರ ಯಾರ್ಯಾರು?"

"ಅಪ್ಪಾ, ಚಹಾ ಕುಡ್ಯಾಕರ ಬಿಡು ನನ್ನ."

ಆ ಆಫೀಸು ಹೆದ್ದಾರಿಯ ಪಕ್ಕ, ಕಾಳಿನ ವ್ಯಾಪಾರಿಯೊಬ್ಬರ ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ದೂರದೂರದ ಖಾಸಗಿ ದವಾಖಾನೆಗಳಿಗೆ ಬೇಕಾದ ಸಾಫ್ಟ್‌ವೇರನ್ನು ಅಲ್ಲಿ ಬರೆಯುತ್ತಿದ್ದರು. ರೋಗಿಯ ಹೆಸರು ಹೇಳಿದರೆ ಚೀಟಿ ಬರುವುದು, ಔಷಧದ ಪಟ್ಟಿ ಬರುವುದು, ಇಂಥವು. ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯ ತರುಣ ತರುಣಿಯರು ಅಲ್ಲಿ ದುಡಿಯುತ್ತಿದ್ದರು. ಊರು ಬಿಡದೆ ಇಂಥ ಕೆಲಸ ಸಿಕ್ಕಿತೆಂದು ಎಲ್ಲ ಮನೆಗಳಲ್ಲೂ ಹೆಮ್ಮೆ ಇತ್ತು. ನಮ್ಮ ಮನೆಯಲ್ಲೂ ಇತ್ತು, ಅದನ್ನು ನಾನು ಬಚ್ಚಿಡುವುದಿಲ್ಲ.

ದವಾಖಾನೆಗೆ ಸಂಜೆಯಾಯಿತೆಂಬುದಿಲ್ಲ. ಆಫೀಸು ಮುಚ್ಚಿದ ಮೇಲೆ ಎಲ್ಲಿಯಾದರೂ ಚೀಟಿ ಬರುವುದು ನಿಂತರೆ, ಆ ದಿನದ ಪಾಳಿಯವರು ತಾವು ಇದ್ದಲ್ಲಿಯೇ ಲ್ಯಾಪ್‌ಟಾಪು ತೆರೆದು ಸರಿಪಡಿಸಬೇಕು. ಪಾಳಿ ಯಾರದೆಂದು ಆಫೀಸಿನಲ್ಲಿ ಗೊತ್ತುಮಾಡಿರುತ್ತಿದ್ದರು, ದವಾಖಾನೆಯವರು ಅವರಿಗೇ ಫೋನು ಮಾಡುತ್ತಿದ್ದರು. ಪಾಳಿ ಬದಲಾಯಿಸಬೇಕಾದರೆ ಸಾಹೇಬನಿಗೆ ತಿಳಿಸಿ ಬದಲಾಯಿಸಬೇಕೆಂಬುದು ನಿಯಮ. ಆದರೆ ಅಲ್ಲಿದ್ದವರೆಲ್ಲ ನಮ್ಮ ಕೆರೆಯ ಕೆಳಗಿನ ಗದ್ದೆಗಳಲ್ಲಿ ಹುಟ್ಟಿ ಬೆಳೆದವರು. ಕೆರೆಯ ನೀರಿಗೂ ಪಾಳಿ ಉಂಟು. ಇಂದು ನನ್ನ ಪಾಳಿ, ಮನೆಯಲ್ಲಿ ಕಾರ್ಯವಿದ್ದರೆ ಬದುವಿನಾಚೆಯವನಿಗೆ "ಇವತ್ತ ನೀ ಕಟ್ಟಿಕೋ, ನಾಳೆ ನಾ ಕಟ್ಟಿಕೋತೇನಿ" ಎಂದರೆ ಮುಗಿಯಿತು. ತೂಬು ಕಾಯುವ ನೀರಗಂಟಿಗೆ ತಿಳಿಸುವುದಿಲ್ಲ. ಅವನ ಲೆಕ್ಕದಲ್ಲಿ ಪಾಳಿ ನನ್ನದೇ, ಹರಿಯುವ ನೀರು ಮಾತ್ರ ಇನ್ನೊಬ್ಬನ ಗದ್ದೆಯಲ್ಲಿ. ಶಿಗ್ಗಾಂವದ ಆ ಮಹಡಿಯಲ್ಲೂ ಇವರು ಹೀಗೆಯೇ ಮಾಡುತ್ತಿದ್ದರು. ಆ ಆಫೀಸಿನಲ್ಲಿ ನನಗೆ ಸಲೀಸಾಗಿ ಅರ್ಥವಾದ ವಿಷಯ ಇದೊಂದೇ ಆಗಿತ್ತು, ಮೆಚ್ಚಿಗೆಯೂ ಆಗಿತ್ತು.

ಗೌತಮ ಅಲ್ಲಿಯೇ ಕೆಲಸ ಮಾಡುತ್ತಿದ್ದ. ಸವಣೂರಿನವನು. ತಂದೆ ಇರಲಿಲ್ಲ. ತಾಯಿ ಯಲ್ಲವ್ವ ಶಾಲೆಯ ಬಿಸಿಯೂಟದ ಅಡುಗೆ ಮಾಡಿ ಅವನನ್ನು ಓದಿಸಿದ್ದಳು. ಅವರದು ಬುದ್ಧನನ್ನು ನಂಬುವ ಮನೆ. ಆ ಮುಂಗಾರಿನ ಮೊದಲಲ್ಲಿ ಹಾನಗಲ್ಲಿಗೆ ಬಂದವನು ನೇತ್ರಾಳಿಗೆ ಏನೋ ತಂತಿ ಕೊಡಬೇಕೆಂದು ನಮ್ಮ ಮನೆಗೂ ಬಂದ. ಗಾಡಿ ನಿಲ್ಲಿಸಿ ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿದ. ಹೊರಗೆ ಮಳೆ ಹುಯ್ಯುತ್ತಿತ್ತು. ಮಳೆಕೋಟು ಚೀಲದ ಮೇಲಿತ್ತು, ಅವನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಪಾ, ಚೀಲಕ್ಕ ಕೋಟು ಹಾಕಿ ನೀ ತೋಸ್ಕೊಂಡಿ?" ಎಂದೆ.

"ನಂಗ ನೆಗಡಿ ಬಂದ್ರ ನಾಕ ದಿನಕ್ಕ ಹೋಗತೈತ್ರಿ ಯಜಮಾನ್ರ. ಈ ಕೂಸಿಗೆ ನೆಗಡಿ ಬಂದ್ರ ನನ್ನ ಕೆಲಸ ಹೋಗತೈತಿ."

ಗಂಗವ್ವ ನಕ್ಕುಬಿಟ್ಟಳು. ಒಳಗೆ ಕರೆದು ಮಂಡಕ್ಕಿ ಒಗ್ಗರಣೆ ಕೊಟ್ಟಳು. ಅವನು ತಿನ್ನುತ್ತ ನನ್ನ ಪುಸ್ತಕದ ಕಪಾಟನ್ನು ನೋಡಿ, "ಇಷ್ಟೆಲ್ಲಾ ಓದಿ ಏನ ಕಂಡ್ರಿ?" ಎಂದ. "ಯಾರನ್ನೂ ನಂಬಬಾರ್ದಂತ ಕಂಡೆ" ಎಂದೆ. "ಅಷ್ಟಕ್ಕ ಇಷ್ಟು ಪುಸ್ತಕ ಬೇಕಾಗಿರ್ಲಿಲ್ಲ ಬಿಡ್ರಿ, ನಮ್ಮ ಓಣ್ಯಾಗ ಹುಟ್ಟಿದ್ರ ಸಾಕಾಗ್ತಿತ್ತು" ಎಂದು ನಗುತ್ತಲೇ ಹೇಳಿ ಗಾಡಿ ಹತ್ತಿದ.

ಆ ವರ್ಷ ಶ್ರಾವಣದಲ್ಲಿ ಮಳೆ ಬಿಡಲಿಲ್ಲ. ನಾಟಿ ಮುಗಿದ ಗದ್ದೆಗಳಲ್ಲಿ ನೀರು ಬದು ದಾಟಿ ಹರಿಯುತ್ತಿತ್ತು. ಗೋಡೆಗಳು ಬೆವರುತ್ತಿದ್ದವು. ಅಂಥ ದಿನಗಳಲ್ಲಿ ಹಿರೇಕೆರೂರಿನಿಂದ ನೇತ್ರಾಳಿಗೆ ಒಂದು ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು, ಮನೆತನ ಒಳ್ಳೆಯದು. ಶ್ರಾವಣದ ಕೊನೆಯ ಸೋಮವಾರ ಸಂಜೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಮಾತು ತಂದ ದೂರದ ಸಂಬಂಧಿಕ ಗಂಗವ್ವನ ಕಿವಿಯಲ್ಲಿ ಇನ್ನೊಂದು ಮಾತನ್ನೂ ಹಾಕಿ ಹೋಗಿದ್ದ: ಆಫೀಸಿನ ಯಂತ್ರವನ್ನು ಮನೆಗೆ ತರುವ ಸೊಸೆ ಬೇಡವೆಂದು ಹುಡುಗನ ತಾಯಿಯ ಹಟ.

ಗಂಗವ್ವ ಮಗಳನ್ನು ಕೂಡಿಸಿಕೊಂಡು, "ಸೋಮವಾರ ಆ ಚೀಲ ನಮ್ಮ ಹೊಸ್ತಿಲಾ ದಾಟಬಾರ್ದು ನೋಡು" ಎಂದಳು.

"ಅವತ್ತ ನನ್ನ ಪಾಳಿ ಐತವ್ವಾ. ತರಬೇಕಾಗತೈತಿ."

"ಪಾಳಿ ಯಾರಿಗರ ಕೊಡು. ನಾವು ಕೆರಿ ನೀರ ಕೊಡಂಗಿಲ್ಲೇನು?"

ನಾನು ಅಲ್ಲಿಯೇ ಕುಳಿತಿದ್ದೆ. ಅದು ನನಗೂ ಸಹಜವಾಗಿಯೇ ಕಂಡಿತು. ನೇತ್ರಾ ಮರುದಿನ ಬಂದು, ಪಾಳಿಯನ್ನು ಗೌತಮ ತೆಗೆದುಕೊಂಡನೆಂದೂ, ಬದಲಿಗೆ ಹೋಳಿಗೆ ಕೇಳಿದ್ದಾನೆಂದೂ ಹೇಳಿದಳು. ಸಾಹೇಬನಿಗೆ ತಿಳಿಸಿದೆಯಾ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಸೋಮವಾರ ಹಿರೇಕೆರೂರಿನವರು ಬಂದರು. ಹುಡುಗ ಸಭ್ಯನಾಗಿ ಕಂಡ. ತಾಯಿ ಮನೆಯನ್ನೆಲ್ಲ ಕಣ್ಣಲ್ಲೇ ಒಂದು ಸುತ್ತು ಹಾಕಿ ಕೇಳಿದಳು: "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ, ಒಂದ ಮಾತ ಕೇಳತೇನಿ. ಆ ಮಡಚೂ ಕಂಪ್ಯೂಟರ್ ಮನಿಗೆ ತರ್ತಾಳೇನ್ರಿ ಹುಡುಗಿ? ನಮ್ಮ ತಂಗಿ ಸೊಸಿ ಅದನ್ನ ತೊಡಿಮ್ಯಾಲ ಇಟ್ಕೊಂಡ ಕುಂತ್ಲಂದ್ರ, ಕುಕ್ಕರ್ ಸೀಟಿ ಹೊಡದ ಹೊಡದ ದಣದ್ರೂ ಏಳಂಗಿಲ್ಲ. ಗಂಡ ಊಟಕ್ಕ ಕುಂತಿರ್ತಾನ, ಇಕಿ 'ಒಂದ ನಿಮಿಷ' ಅಂತಾಳ. ಆ ಒಂದ ನಿಮಿಷ ಮುಗಿದದ್ದ ನಾ ಕಂಡಿಲ್ಲ."

"ಅಯ್ಯ, ಎಲ್ಲೀದ ಬಿಡ್ರಿ. ಕಂಪನಿದು ಕಂಪನ್ಯಾಗ. ಕೈ ಬೀಸ್ಕೋಂತ ಬರ್ತಾಳ ನಮ್ಮಾಕಿ" ಎಂದಳು ಗಂಗವ್ವ. ಎಲ್ಲರೂ ನಕ್ಕರು. ನೇತ್ರಾ ಚಹಾದ ತಟ್ಟೆ ಇಟ್ಟು ಒಳಗೆ ಹೋದಳು. ಹಿತ್ತಲಲ್ಲಿ ಅವಳು ಫೋನಿನಲ್ಲಿ ಮಾತನಾಡುವುದು ಮಳೆಯ ಸದ್ದಿನ ನಡುವೆ ತುಸು ಕೇಳಿಸಿತು. ಸಂಬಂಧ ಕುದುರಿತು. ದೀಪಾವಳಿ ಕಳೆದ ಮೇಲೆ ನಿಶ್ಚಯವೆಂದು ಮಾತಾಯಿತು.

ಗೌತಮ ಆ ಸಂಜೆಯೇ ಸವಣೂರಿನ ದಾರಿಯಲ್ಲಿ ಲಾರಿಗೆ ಸಿಕ್ಕಿ ತೀರಿಹೋಗಿದ್ದ. ನಮಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಅಂಗಳದಲ್ಲಿ ನಿಂತು ಫೋನು ಕೇಳಿದ ನೇತ್ರಾ ಒಳಗೆ ಬಂದು, ಗೌತಮ ಹೋದನಂತೆ ಎಂದಳು.

ಸವಣೂರಿಗೆ ನಾನೂ ನೇತ್ರಾಳೂ ಹೋದೆವು. ಒಂದು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಯಲ್ಲವ್ವ ಅಳುತ್ತಿರಲಿಲ್ಲ, ಬೈಯುತ್ತಿದ್ದಳು. "ಜೋರ ಹೊಡೀಬ್ಯಾಡೋ ಅಂತ ದಿನಾ ಹೇಳತಿದ್ದೆ. ದಿನಾ ಹೂಂ ಅಂತಿದ್ದ. ನನಗ ಹೂಂ ಅಂದು ರಸ್ತ್ಯಾಗ ಬ್ಯಾರೇನ ಮಾಡತಿದ್ದೇನೋ? ಸುಳ್ಳಾ, ಸುಳ್ಳಾ!" ಎಂದು ಹೆಣಕ್ಕೆ ಹೇಳುತ್ತಿದ್ದಳು. ಸತ್ತ ಮಗನ ಮೇಲೆ ತಾಯಿಗೆ ಬಂದ ಆ ಸಿಟ್ಟನ್ನು ನೋಡುವುದು ಅಳುವನ್ನು ನೋಡುವುದಕ್ಕಿಂತ ಕಠಿಣವಾಗಿತ್ತು.

ಆಫೀಸಿನ ಇಬ್ಬರು ಬಂದಿದ್ದರು. ಹಾರ ಹಾಕಿದರು. ಆಮೇಲೆ ಯಲ್ಲವ್ವನ ತಮ್ಮ ಭೀಮಪ್ಪನನ್ನು ಹೊರಗೆ ಕರೆದು, ಚೀಲ ಎಲ್ಲಿದೆಯೆಂದು ಕೇಳಿದರು.

"ಹೆಣ ಇನ್ನ ಮನ್ಯಾಗ ಐತ್ರಿ" ಎಂದ ಭೀಮಪ್ಪ.

"ತಪ್ಪ ತಿಳೀಬ್ಯಾಡ್ರಿ. ಕಂಪನಿ ವಸ್ತು. ಅದರೊಳಗ ದವಾಖಾನಿ ಮಾಹಿತಿ ಇರ್ತಾವು."

ಒಡೆದ ಲ್ಯಾಪ್‌ಟಾಪನ್ನು ಪೊಲೀಸರು ಕೊಟ್ಟಿದ್ದರು. ಭೀಮಪ್ಪ ತಂದು ಕೊಟ್ಟ. ಅವರು ಅದನ್ನು ಕರವಸ್ತ್ರದಿಂದ ಒರೆಸಿಕೊಂಡು ಒಯ್ದರು. ನನ್ನ ಅನುಮಾನ ಹುಟ್ಟಿದ್ದು ಅಲ್ಲಿ. ಕೆಲಸ ಮುಗಿದಿತ್ತೆಂದು ಹೇಳುವವರು, ಸತ್ತವನ ಮನೆಯಿಂದ ಕೆಲಸವನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಎರಡನೆಯದು, ಮನೆಯ ಮೂಲೆಯಲ್ಲಿ ಅವನ ಹೆಲ್ಮೆಟ್ಟು ಇತ್ತು. ಗಾಡಿ ನಜ್ಜುಗುಜ್ಜಾಗಿತ್ತು, ತಲೆ ಒಡೆದಿತ್ತು, ಹೆಲ್ಮೆಟ್ಟಿನ ಮೇಲೆ ಒಂದು ಗೀರು ಇರಲಿಲ್ಲ. ಜನ ಅದಕ್ಕೂ ಒಂದು ವಿವರಣೆ ಸಿದ್ಧಮಾಡಿಕೊಂಡಿದ್ದರು: ಹಾಕಿಕೊಂಡಿರಲಿಲ್ಲ, ಹುಡುಗು ಬುದ್ಧಿ.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ನಾನೊಬ್ಬನೇ ಸವಣೂರಿನ ದಾರಿಯಲ್ಲಿ ಅವನು ಸತ್ತ ಜಾಗದಲ್ಲಿ ಬಸ್ಸಿನಿಂದ ಇಳಿದೆ. ಅಲ್ಲೊಂದು ಬಸ್ಸು ತಂಗುದಾಣ. ಒಂದು ಕಂಬ ಮುರಿದು ಮಾಡು ವಾಲಿತ್ತು. ರಸ್ತೆಯಾಚೆ ಗೋವಿನಜೋಳದ ತೆನೆ ಸುಟ್ಟು ಮಾರುವ ಒಬ್ಬ ಮುದುಕಿ ಕೊಡೆಯ ಕೆಳಗೆ ಕುಳಿತಿದ್ದಳು. ತೆನೆ ಕೊಂಡು ಮಾತು ತೆಗೆದೆ.

"ಆ ಹುಡುಗ ಭಾಳ ಜೋರ ಬಂದ್ನಂತಲ್ಲವಾ?"

"ಯಾರಂದ್ರಿ? ಗಾಡಿ ನಿಂತಿತ್ತು. ಟೊಪಗಿ ಕನ್ನಡ್ಯಾಗ ಸಿಗಿಸಿದ್ದ. ಕೋಟನ್ನ ತಲಿಮ್ಯಾಲ ಕೊಪ್ಪಿ ಹಾಕ್ಕೊಂಡು, ಆ ಕಲ್ಲಿನ ಮ್ಯಾಲ ಕುಂತು, ತೊಡಿಮ್ಯಾಲ ಏನೋ ಇಟ್ಕೊಂಡು ಬಡ್ಯಾಕತ್ತಿದ್ದ. ಕೋಟಿನ ಒಳಗ ಬೆಳಕು ಕಾಣ್ತಿತ್ತು. ಒಳಗ ಸರದು ಕುಂದರಬೇಕಂದ್ರ ಮಾಡು ಸೋರ್ತೈತ್ರಿ, ಅದಕ್ಕ ತುದೀಗೆ ಕುಂತಿದ್ದ. ತೆನಿ ಬೇಕೇನೋ ತಮ್ಮಾ ಅಂದೆ. 'ತಡಿ ಆಯೀ, ಒಂದೀಟ ಕೆಲಸ ಐತಿ' ಅಂದ. ಲಾರಿ ಜಾರಿ ಬಂದು ಗಾಡಿನೂ ಅವನ್ನೂ ಕಂಬನೂ ಕೂಡೇ ತಗೊಂಡ ಹೋತು. ಟೊಪಗಿ ಒಂದ ಸಿಡದು ಹುಲ್ಲಾಗ ಬಿದ್ದಿತ್ತು."

"ಪೊಲೀಸರಿಗೆ ಹೇಳ್ಲಿಲ್ಲೇನು?"

"ಲಾರಿ ಎತ್ತಾಗಿಂದ ಬಂತು ಅಂತ ಕೇಳಿದ್ರು, ಅದನ್ನ ಹೇಳಿದೆ. ಹುಡುಗ ಏನ ಮಾಡತಿದ್ದ ಅಂತ ಯಾರೂ ಕೇಳ್ಲಿಲ್ಲ."

ಅಲ್ಲಿಂದ ನೇರ ಶಿಗ್ಗಾಂವಕ್ಕೆ ಹೋದೆ. ಸಾಹೇಬ ಮರ್ಯಾದಸ್ಥ. ಕೂಡಿಸಿ ಚಹಾ ತರಿಸಿದ. ಕೆಲಸದ ಮೇಲಿದ್ದಾಗ ಸತ್ತರೆ ತಾಯಿಗೆ ಕಂಪನಿಯಿಂದ ಪರಿಹಾರ ಸಲ್ಲಬೇಕೆಂಬ ಕಾನೂನು ನನಗೆ ತಿಳಿದಿತ್ತು. ಅವನಿಗೂ ತಿಳಿದಿತ್ತು.

"ಲ್ಯಾಪ್‌ಟಾಪು ಮನಿಗೆ ಒಯ್ಯಬೇಕಂತ ನಾವು ಯಾರಿಗೂ ಹೇಳಿಲ್ಲರಿ ಹಿರಿಯರ. ಅದು ಅವರವರ ಖುಷಿ."

"ಒಯ್ಯಬ್ಯಾಡ್ರಿ ಅಂತ ಹೇಳೀರೇನು?"

ಅವನು ಚಹಾದ ಕಡೆ ನೋಡಿದ. "ಪಾಳಿ ಇದ್ದವರು ಒಯ್ತಾರ, ಅದು ಬ್ಯಾರೆ. ಆದ್ರ ಅವತ್ತ ಗೌತಮನ ಪಾಳಿ ಇರ್ಲಿಲ್ಲ." ಕಪ್ಪನ್ನು ನನ್ನ ಕಡೆ ಸರಿಸಿ, "ಅವತ್ತಿನ ಪಾಳಿ ನಿಮ್ಮ ಮಗಳದಿತ್ತು" ಎಂದ. ಬೆದರಿಕೆಯ ದನಿಯಲ್ಲ. ಮಳೆ ಬರುತ್ತದೆ, ಕೊಡೆ ಇದೆಯೇ ಎಂದು ಕೇಳುವಷ್ಟು ಮೃದುವಾದ ದನಿ.

ಹೊರಗೆ ಬಂದು ಎದುರಿನ ಚಹಾದಂಗಡಿಯಲ್ಲಿ ಆಫೀಸು ಬಿಡುವವರೆಗೆ ಕುಳಿತೆ. ಮೆಟ್ಟಿಲಿಳಿದು ಬಂದವರಲ್ಲಿ ಚೀಲವಿಲ್ಲದ ಬೆನ್ನನ್ನು ಹುಡುಕಿದೆ. ಸಿಗಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಒಬ್ಬಳನ್ನು, "ಇವತ್ತ ನಿನ್ನ ಪಾಳಿ ಏನವಾ?" ಎಂದು ಕೇಳಿದೆ. ಅಲ್ಲವೆಂದಳು. "ಮತ್ತ ಯಾಕ ಹೊತ್ಕೊಂಡಿ?"

"ಇಟ್ಟು ಹೋದ್ರ, ಇಕಿಗೆ ಕೆಲಸದ ಮ್ಯಾಲ ಮನಸಿಲ್ಲ ಅಂತಾರ್ರಿ ಅಜ್ಜಾರ."

"ಯಾರಂತಾರ?"

ಅವಳು ಯೋಚಿಸಿದಳು. "ಇನ್ನಾ ಯಾರೂ ಅಂದಿಲ್ಲರಿ. ಯಾರೂ ಇಟ್ಟೂ ಹೋಗಿಲ್ಲಲ್ಲ."

ಯಾರೂ ಆಡದ ಆಜ್ಞೆಯನ್ನು ಎಲ್ಲರೂ ಪಾಲಿಸುವುದನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಆ ಸಂಜೆ, ಗೋದಾಮಿನ ಮೆಟ್ಟಿಲಿನ ಮೇಲೆ.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಗಂಗವ್ವ ಬಾಗಿಲು ಹಾಕಿದಳು. "ಇಲ್ಲಿಗೆ ಬಿಡ್ರಿ. ಬಾಯಿಮಾತಿಗೆ ಸಾಕ್ಷಿ ಇಲ್ಲ. ಇಕಿ ಹೇಳದಿದ್ರ ಯಾರಿಗೂ ಗೊತ್ತಾಗಂಗಿಲ್ಲ. ಹೇಳಿದ್ಲೋ, ಕೆಲಸ ಹೋತು. ಚೀಲ ಮನಿಗೆ ಬರ್ತಿತ್ತು ಅನ್ನೂದು ಹಿರೇಕೆರೂರಿನವರಿಗೆ ಮುಟ್ಟತೈತಿ, ನಾನೂ ಸುಳ್ಳಿ ಆದ್ನಿ, ಸಂಬಂಧನೂ ಹೋತು. ಸತ್ತಾಂವ ತಿರುಗಿ ಬರ್ತಾನೇನು?"

"ಅವರವ್ವ ಅವನ್ನ ಸುಳ್ಳ ಅಂತ ಬೈಯಾಕತ್ತಾಳಲ್ಲ!"

"ನನ್ನ ಮಗಳು ನನಗ ದೊಡ್ಡಾಕಿ."

ನೇತ್ರಾ ತಲೆಯೆತ್ತಿದಳು. "ನೀವಿಬ್ರೂ ಸುಮ್ನಿರ್ರಿ. ಇದು ನಿಮ್ಮ ಪಂಚಾಯ್ತಿ ಅಲ್ಲ."

ಸುಮ್ಮನಿರುವುದು ನನಗೆ ಬರುವುದಿಲ್ಲ. ಆದರೂ ವಾರಗಟ್ಟಲೆ ಸುಮ್ಮನಿದ್ದೆ. ಮಳೆ ನಿಂತಿತು. ಭತ್ತಕ್ಕೆ ಹಾಲು ತುಂಬಿತು. ಹೆದ್ದಾರಿಯ ಅಂಚಿನುದ್ದಕ್ಕೂ ಗೋವಿನಜೋಳವನ್ನು ಒಣಹಾಕಿದರು. ನೇತ್ರಾ ದಿನವೂ ಚೀಲ ಹೊತ್ತು ಹೋಗುತ್ತಿದ್ದಳು, ಹೊತ್ತು ಬರುತ್ತಿದ್ದಳು, ಮನೆಯಲ್ಲಿ ಅದನ್ನು ತೆರೆಯುತ್ತಲೂ ಇದ್ದಳು. ಊಟ ಮಾತ್ರ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಗಂಗವ್ವ ನಿಶ್ಚಯದ ಸೀರೆಗೆ ಹಾನಗಲ್ಲಿನ ಅಂಗಡಿಗಳನ್ನು ತಿರುಗಿದಳು.

ದೀಪಾವಳಿಗೆ ಮುಂಚೆ, ಆಫೀಸಿನವರು ಯಲ್ಲವ್ವನನ್ನು ಮಾತಿಗೆ ಕರೆದಿದ್ದಾರೆಂದು ನೇತ್ರಾಳೇ ಹೇಳಿದಳು. "ಅಪ್ಪಾ, ನೀ ನನ್ನ ಕೂಡ ಬಾ. ಮಾತಾಡಬ್ಯಾಡ. ಬರೇ ಬಾ."

ಸಾಹೇಬ ಎಲ್ಲರಿಗೂ ಕುರ್ಚಿ ಹಾಕಿಸಿದ್ದ. ಯಲ್ಲವ್ವ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ಭೀಮಪ್ಪ.

"ಅವ್ವಾರ, ಕೆಲಸ ಮುಗಿಸಿ ಮನಿಗೆ ಹೋಗೂವಾಗ ರಸ್ತ್ಯಾಗ ಆದದ್ದಕ್ಕ ಆಫೀಸು ಜವಾಬ್ದಾರಿ ಆಗಂಗಿಲ್ಲರಿ. ಆದ್ರೂ ಮಾನವೀಯತಿ ಮ್ಯಾಲ ಏನರ ಮಾಡೋಣ" ಎಂದ ಸಾಹೇಬ.

"ಮಾನವೀಯತಿ ಇರ್ಲಿ ಬಿಡ್ರಿ" ಎಂದ ಭೀಮಪ್ಪ. "ಅಂವ ಕೆಲಸದ ಮ್ಯಾಲ ಇದ್ನೋ ಇಲ್ಲೋ?"

"ಇರ್ಲಿಲ್ಲ. ಅವನ ಪಾಳಿನ ಅಲ್ಲ."

"ಪಾಳಿ ನಂದ್ರಿ" ಎಂದು ನೇತ್ರಾ ಎದ್ದು ನಿಂತಳು. "ನನ್ನ ಸಲುವಾಗಿ ಅಂವ ತಗೊಂಡಿದ್ದ. ಬಾಯಿಲೆ ಬದಲ ಮಾಡ್ಕೊಂಡಿದ್ವಿ. ದವಾಖಾನಿಯಿಂದ ಫೋನ ನನಗ ಬಂತು, ಚೀಟಿ ಬರವಲ್ವು, ಮಂದಿ ನಿಂತಾರ ಅಂತ. ನಮ್ಮ ಮನ್ಯಾಗ ಬೀಗರು ಕುಂತಿದ್ರು. ನಾನ ಗೌತಮಗ ಫೋನ ಮಾಡಿದೆ. ಗಾಡಿಮ್ಯಾಲ ಅದೇನಿ, ಬಾಜೂಕ ನಿಲ್ಲಿಸಿ ನೋಡತೇನಿ, ನೀ ಹೋಗಿ ಚಹಾ ಕೊಡು ಅಂದ. ಅಷ್ಟ ಅವನ ಕೊನೀ ಮಾತು."

ಹಿತ್ತಲಿನ ಆ ಫೋನು ಯಾವುದೆಂದು ನನಗೂ ತಿಳಿದದ್ದು ಆಗಲೇ. ಆ ಇಡೀ ಋತು ಅವಳು ಅದನ್ನು ಒಬ್ಬಳೇ ಹೊತ್ತಿದ್ದಳು.

ಅವಳು ಆ ಸಂಜೆಯ ಕರೆಗಳ ಪಟ್ಟಿ ತೆರೆದು ಫೋನನ್ನು ಮೇಜಿನ ಮೇಲಿಟ್ಟಳು. ಸಾಹೇಬ ಅದನ್ನು ಮುಟ್ಟಲಿಲ್ಲ. "ಪಾಳಿ ಬದಲ ಮಾಡೂ ಮುಂದ ಯಾರನ್ನ ಕೇಳಿದ್ರಿ?"

"ಯಾರನ್ನೂ ಕೇಳ್ಲಿಲ್ಲರಿ."

"ಅಂದ್ರ ಇಬ್ರೂ ಕೂಡಿ ನಿಯಮ ಮುರದ್ರಿ. ನಿಯಮ ಮುರದು ಮಾಡಿದ ಕೆಲಸ ಕಂಪನಿ ಕೆಲಸ ಹೆಂಗಾಗತೈತಿ?"

ಸತ್ಯ ಹೊರಬಿದ್ದರೆ ಸುಳ್ಳು ತಾನಾಗಿ ಸಾಯುತ್ತದೆಂದು ನಂಬಿ ನಾನು ಮುದುಕನಾಗಿದ್ದೆ. ಸುಳ್ಳು ಸಾಯಲಿಲ್ಲ. ಅಂಗಿ ಬದಲಿಸಿತು. ಅಲ್ಲಿಯವರೆಗೆ ಗೌತಮ ಗಾಡಿ ಜೋರು ಹೊಡೆದವನಾಗಿದ್ದ. ಆ ಕ್ಷಣದಿಂದ ನಿಯಮ ಮುರಿದವನಾದ. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಯಲ್ಲವ್ವ ಮೊದಲ ಸಲ ಮಾತನಾಡಿದಳು. ಸಾಹೇಬನೊಂದಿಗಲ್ಲ.

"ತಂಗೀ, ಗಾಡಿ ನಿಂತಿತ್ತೇನು?"

"ನಿಂತಿತ್ರಿ."

"ನೀ ಕಂಡೀಯೇನು?"

ಆಗ ನಾನು ತೆನೆಯ ಮುದುಕಿ ಹೇಳಿದ್ದನ್ನೆಲ್ಲ ಹೇಳಿದೆ, ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿದ್ದನ್ನೂ ಸೇರಿಸಿ. ಯಲ್ಲವ್ವ ಕೇಳಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹಂಗಾರ ಜೋರ ಹೊಡದಿಲ್ಲ. ನನಗ ಹೂಂ ಅಂದಿದ್ದ. ಹೂಂ ಅಂದಂಗ ಇದ್ದ" ಎಂದವಳು, ಮಗ ಸತ್ತಾಗ ಅಳದಿದ್ದವಳು, ಆ ಕುರ್ಚಿಯ ತುದಿಯಲ್ಲಿ ಕುಳಿತು ಅತ್ತಳು. ಸಾಹೇಬ ಕಿಟಕಿಯ ಕಡೆ ಮುಖ ಮಾಡಿದ.

ನೇತ್ರಾ ಆಡಿದ ಆ ಮಾತು ನಮ್ಮಿಂದ ಏನೇನು ಕಿತ್ತುಕೊಂಡಿತೆಂಬುದನ್ನು ಹೇಳಿ ಮುಗಿಸುತ್ತೇನೆ. ನೇತ್ರಾಳಿಗೆ ಮರುದಿನದಿಂದ ಬರಬೇಡವೆಂದರು. ಹಿರೇಕೆರೂರಿನವರು ಫೋನು ಎತ್ತುವುದನ್ನು ನಿಲ್ಲಿಸಿದರು. ಗಂಗವ್ವ ನನ್ನೊಂದಿಗೆ ಬಹಳ ದಿನ ಮಾತನಾಡಲಿಲ್ಲ, ಕೊಂಡ ಸೀರೆಯನ್ನು ಮಡಿಕೆ ಬಿಚ್ಚದೆ ಟ್ರಂಕಿನ ತಳಕ್ಕೆ ಹಾಕಿದಳು. ಯಲ್ಲವ್ವನ ಕಡೆಯಿಂದ ಭೀಮಪ್ಪ ಹಾಕಿದ ದಾವೆ ಇನ್ನೂ ನಡೆಯುತ್ತಿದೆ. ಕರೆದಾಗಲೆಲ್ಲ ನೇತ್ರಾ ಹೋಗಿ ಅದೇ ಮಾತನ್ನು ಹೇಳಿ ಬರುತ್ತಾಳೆ. ಈಗ ಹಾನಗಲ್ಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಶಿಗ್ಗಾಂವದ ಆ ಆಫೀಸಿನಲ್ಲಿ ಅನುಮತಿಯಿಲ್ಲದೆ ಲ್ಯಾಪ್‌ಟಾಪು ಒಯ್ಯಬಾರದೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಕಳೆದ ವಾರ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ತರುಣ ಅಲ್ಲಿಯವನೇ ಎಂದು ನನಗೆ ಗೊತ್ತಿಲ್ಲ. ಇರಬಹುದು.

ಆದರೆ ನನಗೆ ಬರೆಯಬೇಕಾಗಿದ್ದದ್ದು ಆ ದಿನದ ಮಧ್ಯಾಹ್ನ. ಆಫೀಸಿನಿಂದ ಇಳಿದು ನಾವೆಲ್ಲ ಶಿಗ್ಗಾಂವದ ಬಸ್ ನಿಲ್ದಾಣಕ್ಕೆ ನಡೆದೆವು. ಸವಣೂರಿನ ಬಸ್ಸು ನಿಂತಿತ್ತು. ನೇತ್ರಾ ಬಾಗಿ ಯಲ್ಲವ್ವನ ಕಾಲು ಮುಟ್ಟಲು ಹೋದಳು. ಯಲ್ಲವ್ವ ಕಾಲನ್ನು ಹಿಂದೆ ಸರಿಸಿದಳು.

"ಬ್ಯಾಡ ತಂಗೀ. ನಿಂದೇನ ತಪ್ಪಿಲ್ಲ ಅಂತ ನನ್ನ ಬಾಯಿಲೆ ಹೇಳಸಬ್ಯಾಡ. ಅದನ್ನ ನಾ ಹೇಳಾಂಗಿಲ್ಲ."

ನೇತ್ರಾ ತಲೆಯಾಡಿಸಿದಳು. ಯಲ್ಲವ್ವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ತಿರುಗಿ ನಿಂತಳು.

"ಅಂವ ಅದೇನೋ ಮಾಡಾಕತ್ತಿದ್ನಲ್ಲ, ಚೀಟಿ... ದವಾಖಾನ್ಯಾಗ ಮಂದಿ ನಿಂತಿದ್ರಂದಿ. ಆಮ್ಯಾಲ ಅವರಿಗೆ ಚೀಟಿ ಬಂದ್ವೇನು?"

"ಬಂದ್ವುರಿ" ಎಂದಳು ನೇತ್ರಾ. "ಅಂವನ ಸರಿ ಮಾಡಿದ್ದ. ಎಲ್ಲಾರಿಗೂ ಬಂದ್ವು."

"ಎಲ್ಲಾರಿಗೂ?"

"ಹೂಂರಿ. ಎಲ್ಲಾರಿಗೂ."

ಯಲ್ಲವ್ವ ಆ ಮಾತನ್ನು ತೆಗೆದುಕೊಂಡು ಒಳಗೆ ಹೋಗಿ ಕಿಟಕಿಯ ಪಕ್ಕ ಕುಳಿತಳು. ಬಸ್ಸು ಹೋಯಿತು.

ನಾವು ಹಾನಗಲ್ಲಿನ ಬಸ್ಸು ಹತ್ತಿದೆವು. ರಸ್ತೆಯ ಅಂಚಿನಲ್ಲಿ ಹೆಂಗಸರು ಗೋವಿನಜೋಳವನ್ನು ಕಾಲಿನಿಂದ ಹರವುತ್ತಿದ್ದರು. ನನ್ನ ತಲೆ ತನ್ನ ಹಳೆಯ ಚಟಕ್ಕೆ ಬಿದ್ದಿತ್ತು. ದವಾಖಾನೆಯಿಂದ ಫೋನು ಬಂದು, ಇವಳು ಅವನಿಗೆ ಹೇಳಿ, ಅವನು ಗಾಡಿ ನಿಲ್ಲಿಸಿ ಕುಳಿತು, ಲಾರಿ ಬರುವುದಕ್ಕೆ ಎಷ್ಟು ಹೊತ್ತಾಗಿದ್ದೀತು? ಅಷ್ಟರಲ್ಲಿ ಅದು ಸರಿಹೋಗುವಂಥದ್ದೇ? ತೆನೆಯವಳಿಗೆ ಅವನು ಹೇಳಿದ್ದು ಕೆಲಸ ಆಯಿತೆಂದಲ್ಲ, ಇದೆಯೆಂದು. ಬಾಯಿಯವರೆಗೆ ಬಂದ ಪ್ರಶ್ನೆಯನ್ನು ಕೇಳಲು ಮಗಳ ಕಡೆ ತಿರುಗಿದೆ.

ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ನನ್ನ ಮುಖವನ್ನು ನೋಡದೆಯೇ ಹೇಳಿದಳು.

"ಅಪ್ಪಾ, ಇದೊಂದನ್ನ ಕೇಳಬ್ಯಾಡ."

ನಾನು ಕೇಳಲಿಲ್ಲ. ಇಂದಿಗೂ ಕೇಳಿಲ್ಲ.